ವರ್ಲಾಳ ಮೆಟ್ಟಿಲು

ಮಂಡಿ ಬದಲಾಯಿಸಿಕೊಂಡು ಬಂದವರು ತೆಪ್ಪಗೆ ಒಂದು ಕಡೆ ಕೂರಬೇಕು ಎಂಬುದು ಆ ಸೀಮೆಯವರೆಲ್ಲರ ಮತ. ವರ್ಲಾಗೆ ಬಾರದ ವಿದ್ಯೆ ಎಂದರೆ ಅದೊಂದೇ. ಅಡ್ಡ ತಿರುಗಿದ ಕರುವನ್ನು ಹೊಟ್ಟೆಯಿಂದ ಎಳೆಯಲು ಬರುತ್ತಿತ್ತು, ಮುಳ್ಳುತಂತಿ ಬಿಗಿಯಲು ಬರುತ್ತಿತ್ತು, ಗಸಗಸೆ ಹೂರಣದ ಕೊಲಾಚೆ ಬನ್ನು ಬೇಯಿಸಿ ಚರ್ಚಿನ ಹೆಂಗಸರ ಬಾಯಿ ಮುಚ್ಚಿಸಲು ಬರುತ್ತಿತ್ತು. ಸುಮ್ಮನೆ ಕೂರಲು ಮಾತ್ರ, ಊಹೂಂ. ಬೇಸಿಗೆಯಲ್ಲಿ ಎಡಮಂಡಿಗೆ ಉಕ್ಕಿನ ಕೀಲು ಹಾಕಿಸಿಕೊಂಡು ಬಂದವಳು, ಅಡುಗೆಮನೆಯ ಕಿಟಕಿಯ ಬಳಿ ಕಾಲು ಚಾಚಿಕೊಂಡು, ಅಂಗಳದಲ್ಲಿ ಓಡಾಡುವ ಗಂಡ ಎಮಿಲ್‌ನ ಪ್ರತಿ ಕೆಲಸದಲ್ಲೂ ಒಂದೊಂದು ತಪ್ಪು ಹುಡುಕುತ್ತ ಕಾಲ ಹಾಕಿದಳು. ಎಮಿಲ್ ಪಾಪದವನು. ಅರ್ಧ ಕೇಳಿಸಿಕೊಳ್ಳುತ್ತಿದ್ದ, ಇನ್ನರ್ಧಕ್ಕೆ ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಳ್ಳುತ್ತಿದ್ದ.

ಚಳಿಗಾಲ ಹತ್ತಿರ ಬಂದಂತೆ ಮಾತ್ರ ಈ ಆಟ ನಿಂತುಹೋಯಿತು. ನೆಬ್ರಾಸ್ಕದ ಆ ಮರಳುಗುಡ್ಡಗಳಲ್ಲಿ ಹಿಮ ಬಿತ್ತೆಂದರೆ ಹಸುಗಳಿಗೆ ಮೇಯಲು ನೆಲವೇ ಕಾಣುವುದಿಲ್ಲ. ಬೆಳಗಾದರೆ ಪಿಕಪ್ ಗಾಡಿಗೆ ಒಣಹುಲ್ಲಿನ ಪಿಂಡಿ ಹೇರಿಕೊಂಡು ಹೋಗಿ ಹಾಕಬೇಕು. ಮದುವೆಯಾದ ವರ್ಷದಿಂದಲೂ ಎಮಿಲ್ ಗಾಡಿ ಓಡಿಸುವವನು, ವರ್ಲಾ ಹಿಂದೆ ನಿಲ್ಲುವವಳು. ಗಾಡಿ ಆಮೆಯ ಹಾಗೆ ತೆವಳುತ್ತಿದ್ದರೆ ಅವಳು ಪಿಂಡಿಯ ಹುರಿ ಕೊಯ್ದು, ಹುಲ್ಲನ್ನು ಪದರ ಪದರವಾಗಿ ಬಿಡಿಸಿ, ಬೂಟುಗಾಲಲ್ಲಿ ಕೆಳಕ್ಕೆ ತಳ್ಳುತ್ತ ಹೋಗುವಳು. ಕರಿ ಹಸುಗಳು ಮೂಗಿನಿಂದ ಹೊಗೆ ಬಿಡುತ್ತ ಹಿಂದೆಯೇ ಬರುವುವು. ಅಕ್ಕಪಕ್ಕದ ರ‍್ಯಾಂಚುಗಳಲ್ಲೆಲ್ಲ ಈಗ ಯಂತ್ರ ಬಂದಿದೆ; ಗುಂಡಿ ಒತ್ತಿದರೆ ಅದೇ ಹುಲ್ಲು ಬಿಚ್ಚಿ ಹಾಸುತ್ತದೆ. "ಹಾಸುತ್ತೆ ಸರಿ, ಅದಕ್ಕೆ ಕಣ್ಣಿದೆಯಾ?" ಎಂದು ಕೇಳುತ್ತಿದ್ದಳು ವರ್ಲಾ. ಮೇಲೆ ನಿಂತರೆ ಒಂದೊಂದು ಹಸುವಿನ ಮುಖವೂ ಅವಳಿಗೆ ಕಾಣುತ್ತಿತ್ತು. ಯಾವುದು ಕುಂಟುತ್ತಿದೆ, ಯಾವುದರ ಕಣ್ಣು ಮಂಕಾಗಿದೆ, ಯಾವುದು ಗುಂಪು ಬಿಟ್ಟು ಹಿಂದೆ ನಿಂತಿದೆ, ಎಲ್ಲ. ಇಡೀ ದಿನದಲ್ಲಿ ಅವಳಿಗೆ ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ.

ಹೋದ ಚಳಿಗಾಲದ ಕೊನೆಯಲ್ಲಿ ಅವಳು ಅಲ್ಲಿಂದ ಬಿದ್ದಿದ್ದಳು. ಹಾಳಾದ ಮಂಡಿ ಸಮಯ ನೋಡಿ ಕೈ ಕೊಟ್ಟಿತು. ಹುಲ್ಲಿನ ಜೊತೆಗೆ ಅವಳೂ ಹಿಮದ ಮೇಲೆ ಮಗುಚಿಕೊಂಡಳು. ಪೆಟ್ಟೇನೂ ಆಗಲಿಲ್ಲ. ಚರ್ಚಿನ ಕಾಫಿಯ ಹೊತ್ತಿಗೆ ಅವಳು ಅದನ್ನೊಂದು ಕಥೆ ಮಾಡಿ, ಹಸುವೊಂದು ತನ್ನ ಉಣ್ಣೆಟೋಪಿಯನ್ನು ಹುಲ್ಲೆಂದು ತಿನ್ನಲು ನೋಡಿದ್ದನ್ನು ಅಭಿನಯಿಸಿ ತೋರಿಸಿ ಎಲ್ಲರನ್ನೂ ನಗಿಸಿದ್ದಳು. ಎಮಿಲ್ ಮಾತ್ರ ಆ ಕಥೆ ಶುರುವಾದಾಗಲೆಲ್ಲ ಎದ್ದು ಕಾಫಿ ತರಲು ಹೋಗುತ್ತಿದ್ದ.

ಈಗ ಅವನ ಹಠವೆಂದರೆ, ಹೆಂಡತಿ ಇನ್ನು ಮೇಲೆ ಹತ್ತಬಾರದು.

"ನೀನು ಸ್ಟಿಯರಿಂಗ್ ಹಿಡಿ. ಹುಲ್ಲು ನಾನು ಹಾಕ್ತೀನಿ. ಒಳಗೆ ಹೀಟರ್ ಇರುತ್ತೆ, ರೇಡಿಯೊ ಇರುತ್ತೆ. ರಾಣಿ ಥರ ಕೂತ್ಕೊ" ಎಂದ.

"ರಾಣಿಗೆ ಏನಯ್ಯಾ ಕಾಣುತ್ತೆ ಅಲ್ಲಿಂದ? ಬಾನೆಟ್ಟಾ?"

"ಟೈರಿನ ಮೇಲೆ ಕಾಲಿಟ್ಟು ಪಕ್ಕದಿಂದ ಹಾರೋಕೆ ಆಗುತ್ತಾ ಈಗ ನಿನ್ನ ಕೈಲಿ? ಹೇಳು."

ಆಗುತ್ತಿರಲಿಲ್ಲ. ಅಲ್ಲಿಯವರೆಲ್ಲ ಗಾಡಿಯ ಮೇಲೆ ಹತ್ತುವುದೇ ಹಾಗೆ. ಹಿಂದಿನ ಚಕ್ರದ ಮೇಲೆ ಒಂದು ಕಾಲು, ಪಕ್ಕದ ತಗಡಿನ ಮೇಲೆ ಕೈ, ಒಂದು ಜಿಗಿತ. ಹೊಸ ಮಂಡಿ ಅಷ್ಟು ಮಡಚುತ್ತಿರಲಿಲ್ಲ. ವರ್ಲಾ ಕದ್ದು ಎರಡು ಸಲ ಪ್ರಯತ್ನಪಟ್ಟು, ಎರಡು ಸಲವೂ ಟೈರಿಗೆ ಒರಗಿಕೊಂಡು ಬೈಗುಳ ಉದುರಿಸಿದ್ದಳು.

"ಆಗಲ್ಲ. ಅದಕ್ಕೇ ಮೆಟ್ಟಿಲು ತರಿಸಿದ್ದೀನಿ" ಎಂದಳು.

ಎಮಿಲ್ ತಿನ್ನುತ್ತಿದ್ದ ಕೊಲಾಚೆ ಬಾಯಲ್ಲೇ ನಿಂತಿತು. ನಿಜವಾಗಿ ಪೆಟ್ಟಿಗೆ ಆಗಲೇ ಬಂದು ಬಾಗಿಲ ಹಿಂದೆ ಕೂತಿತ್ತು. ಬಂಪರಿನ ಕೆಳಗೆ ಬಿಗಿಯುವ ಮಡಚುವ ಮೆಟ್ಟಿಲು. ಕಾಲಲ್ಲಿ ಒತ್ತಿದರೆ ಹೊರಗೆ ಬರಬೇಕು, ಮತ್ತೆ ಒತ್ತಿದರೆ ಒಳಗೆ ಹೋಗಬೇಕು. ಜೊತೆಗೆ ಹಿಡಿದುಕೊಳ್ಳಲು, ಗಾಡಿಯ ಪಕ್ಕದ ತಗಡಿಗೆ ಬಿಗಿಯುವ ಒಂದು ಕಬ್ಬಿಣದ ಹಿಡಿ. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಬಿಳಿ ಷೂ ಹಾಕಿದ ಹೆಂಗಸೊಬ್ಬಳು ಪಾರ್ಕಿಗೆ ಹೋದವಳ ಹಾಗೆ ನಗುತ್ತ ಹತ್ತುತ್ತಿದ್ದಳು.

"ಇವಳು ಜನ್ಮದಲ್ಲಿ ಒಂದು ಪಿಂಡಿ ಎತ್ತಿಲ್ಲ" ಎಂದ ಎಮಿಲ್ ಚಿತ್ರ ನೋಡಿ.

"ನಾನು ಎತ್ತಿದ್ದೀನಲ್ಲ. ಕೂರಿಸಿ ಕೊಡ್ತೀಯೋ, ನಾನೇ ಗಾಡಿ ಕೆಳಗೆ ಮಲಗ್ಲೋ?"

ಮಲಗಿಬಿಡುವವಳೇ. ಅವಳ ಜೊತೆ ಬಾಳಿದವನಿಗೆ ಅದು ಗೊತ್ತಿರದೆ ಇನ್ನಾರಿಗೆ ಗೊತ್ತಿರುತ್ತದೆ? ಎಮಿಲ್ ಯೋಚಿಸಿ ಒಂದು ಷರತ್ತು ಹಾಕಿದ. "ಕೂರಿಸ್ತೀನಿ. ಆದ್ರೆ ಹಿಮ ಬೀಳೋ ಹೊತ್ತಿಗೆ ನೀನು ಯಾರ ಸಹಾಯನೂ ಇಲ್ದೆ ಹತ್ತಿ ಇಳೀಬೇಕು. ಇಲ್ದಿದ್ರೆ ಈ ಮಾತು ಅಲ್ಲಿಗೆ ಮುಗೀತು. ಮತ್ತೆ ಎತ್ತಬಾರ್ದು." ವರ್ಲಾ ಒಪ್ಪಿದಳು. ಸೋತರೆ ಆ ಜಾಗ ಹೋಯಿತೆಂದೇ ಲೆಕ್ಕ.

ಮರುದಿನ ಕೆಲಸ ಶುರುವಾಯಿತು. ಬಂಪರಿನ ಹಳೆಯ ಬೋಲ್ಟುಗಳು ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಎಮಿಲ್ ಎಣ್ಣೆ ಬಿಟ್ಟು, ಸುತ್ತಿಗೆಯಲ್ಲಿ ತಟ್ಟಿ, ಸ್ಪ್ಯಾನರಿಗೆ ಜೋತುಬಿದ್ದು, ಕೊನೆಗೆ ಗಾಡಿಯ ಕೆಳಗಿಂದಲೇ, "ಆಗಲ್ಲ ಕಣೇ, ಇದು ಜಗ್ಗಲ್ಲ" ಎಂದು ಕೂಗಿದ. ಆ ದನಿಯಲ್ಲಿ ಬೇಸರಕ್ಕಿಂತ ನೆಮ್ಮದಿಯೇ ಹೆಚ್ಚಿದ್ದುದನ್ನು ವರ್ಲಾ ಗುರುತಿಸದೆ ಇರಲಿಲ್ಲ. ಅವಳು ನೆಟ್ಟಗೆ ಒಳಗೆ ಹೋಗಿ ಪಕ್ಕದ ರ‍್ಯಾಂಚಿನ ಡ್ವೇನ್‌ಗೆ ಫೋನು ಮಾಡಿದಳು.

ಡ್ವೇನ್ ಎಂಬ ಆಸಾಮಿಗೆ ಬೇರೆಯವರ ಗಾಡಿ ರಿಪೇರಿ ಎಂದರೆ ಹಬ್ಬ. ಸ್ಪ್ಯಾನರಿನ ಹಿಡಿಗೆ ತೊಡಿಸಲು ಉದ್ದನೆಯ ಕೊಳವೆಯೊಂದನ್ನು ಹಿಡಿದುಕೊಂಡು, ಹಲ್ಲು ಕಿರಿಯುತ್ತ ಬಂದ.

"ಏನ್ ಎಮಿಲ್, ಅತ್ತೆಮಾವ ಬರ್ತಾರಾ? ಗಾಡಿಗೆ ಮೆಟ್ಟಿಲು, ಹಿಡಿ! ಕಾರ್ಪೆಟ್ ಯಾವಾಗ ಹಾಸ್ತೀಯಾ?"

"ಬಾಯಿ ಮುಚ್ಕೊಂಡು ಆ ಕಡೆ ಹಿಡಿ" ಎಂದ ಎಮಿಲ್.

ಕೊಳವೆ ತೊಡಿಸಿ ಇಬ್ಬರೂ ಮೈಭಾರ ಬಿಟ್ಟ ಮೇಲೆ ಬೋಲ್ಟುಗಳು ಕಿರ್ರೆಂದು ಒಂದೊಂದಾಗಿ ಸೋತವು. ಮೆಟ್ಟಿಲಿನ ಎತ್ತರ ಎಷ್ಟಿರಬೇಕೆಂದು ನೋಡಲು ವರ್ಲಾ ಅಡುಗೆಮನೆಯ ಸ್ಟೂಲು ತಂದು ಬಂಪರಿನ ಪಕ್ಕ ಇಟ್ಟು, ಅದರ ಮೇಲೆ ಎಡಗಾಲು, ಬಲಗಾಲು ಇಟ್ಟು ನೋಡಿದಳು. ಅವಳ ಮಂಡಿ ನೋವಿಲ್ಲದೆ ಎಷ್ಟು ಮೇಲೆ ಬರುತ್ತದೋ ಅಲ್ಲಿಗೆ ಎಮಿಲ್ ಸೀಮೆಸುಣ್ಣದಲ್ಲಿ ಗೀಟೆಳೆದ. ಗೀಟೆಳೆಯುವಾಗ ಕೈ ತಡೆದು, "ನಿಜವಾಗ್ಲೂ ನೋಯಲ್ವಾ? ಸುಳ್ಳು ಹೇಳ್ಬೇಡ" ಎಂದು ತಲೆಯೆತ್ತಿ ನೋಡಿದ. "ನೋಯಲ್ಲ ಮಾರಾಯ" ಎಂದಳು. ಅಷ್ಟೊಂದು ನೋಯುತ್ತಿರಲಿಲ್ಲ ಎಂಬುದು ಸತ್ಯಕ್ಕೆ ಹತ್ತಿರ.

ಸಂಜೆಗೆ ಮೆಟ್ಟಿಲು ಕೂತಿತು. ಗಟ್ಟಿಯಾಗಿ, ಬಂಪರಿನ ನಟ್ಟನಡುವೆ. ಡ್ವೇನ್ ಅದರ ಮೇಲೆ ಕುಣಿದು ತೋರಿಸಿದ; ಅವನ ತೂಕ ತಡೆದದ್ದು ಯಾರ ತೂಕವನ್ನಾದರೂ ತಡೆಯುತ್ತದೆ. ಆಮೇಲೆ ವರ್ಲಾ ಬಂದಳು. ಹಿಡಿಗೆ ಕೈ ಹಾಕಿ, ಒಳ್ಳೆಯ ಕಾಲನ್ನು ಮೊದಲು ಮೆಟ್ಟಿಲ ಮೇಲಿಟ್ಟು, ಹೊಸ ಮಂಡಿಯನ್ನು ಹಿಂದಿನಿಂದ ಎಳೆದುಕೊಂಡು ಬಂಪರ್ ಏರಿ, ಮುಚ್ಚಿದ್ದ ಗಿಡ್ಡ ಹಿಂಬಾಗಿಲನ್ನು ದಾಟಿ ಒಳಗಿಳಿದಳು. ಮೆಲ್ಲಗೆ ಆಯಿತು, ಆದರೆ ಆಯಿತು. ಮೇಲೆ ನಿಂತು ಸುತ್ತ ನೋಡಿದಳು. ಗುಡ್ಡಗಳು, ನೀರೆತ್ತುವ ಗಾಳಿಯಂತ್ರ, ದೂರದಲ್ಲಿ ಹಸುಗಳು, ಎಲ್ಲ ತಮ್ಮ ತಮ್ಮ ಜಾಗದಲ್ಲಿದ್ದವು. ಅವಳಿಗೆ ಅಳುವೇ ಬಂತು. ಅದನ್ನು ಮುಚ್ಚಿಕೊಳ್ಳಲು, "ಡ್ವೇನ್, ನಿನ್ನ ತಲೆ ಮೇಲೆ ಕೂದಲು ಎಷ್ಟು ಕಮ್ಮಿಯಾಗಿದೆ ಅಂತ ಇಲ್ಲಿಂದ ಚೆನ್ನಾಗಿ ಕಾಣುತ್ತೆ" ಎಂದಳು. ಇಳಿಯುವಾಗಲೂ ಯಾರ ಕೈಯನ್ನೂ ಹಿಡಿಯಲಿಲ್ಲ. ಎಮಿಲ್ ಮಾತು ಕೊಟ್ಟಿದ್ದನಲ್ಲ, ತುಟಿ ಬಿಗಿಹಿಡಿದು ಸ್ಪ್ಯಾನರು ಎತ್ತಿಡಲು ಹೋದ.

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಟರ್ಕಿ ಕೋಳಿಯ ಸಾರು ಇನ್ನೂ ಫ್ರಿಜ್ಜಿನಲ್ಲಿರುವಾಗಲೇ ಮೊದಲ ದೊಡ್ಡ ಹಿಮ ಬಿತ್ತು. ಎಮಿಲ್ ಬೆಳಿಗ್ಗೆಯೇ ಕೊಟ್ಟಿಗೆಗೆ ಹೋಗಿ ಗಾಡಿಗೆ ಹುಲ್ಲು ಹೇರಿ ಅಂಗಳಕ್ಕೆ ತಂದು ನಿಲ್ಲಿಸಿದ. ವರ್ಲಾ ದಪ್ಪ ಕೋಟು, ಕೈಗವಸು, ಜೇಬಿನಲ್ಲಿ ಚಾಕು, ಹೀಗೆ ಮದುವಣಗಿತ್ತಿಯ ಸಡಗರದಲ್ಲಿ ಹೊರಬಂದವಳು ಗಾಡಿಯ ಹಿಂದೆ ಹೋಗಿ ಗಕ್ಕನೆ ನಿಂತಳು.

ಮೆಟ್ಟಿಲೇ ಇರಲಿಲ್ಲ. ಇತ್ತು; ಆದರೆ ಎಲ್ಲಿತ್ತು? ಹುಲ್ಲು ಹಾಕುವ ಗಾಡಿಯ ಹಿಂಬಾಗಿಲು ಯಾವತ್ತೂ ಕೆಳಗಿಳಿದೇ ಇರಬೇಕು. ಅದು ಮೇಲಿದ್ದರೆ ಹುಲ್ಲು ತಳ್ಳುವುದೆಲ್ಲಿಗೆ? ಹಾಗೆ ಇಳಿಸಿದ ಬಾಗಿಲು ಮೇಜಿನ ಹಾಗೆ ಹಿಂದಕ್ಕೆ ಚಾಚಿಕೊಂಡಿತ್ತು; ಮೆಟ್ಟಿಲು ಅದರಡಿಯಲ್ಲಿ, ಮೇಜಿನ ಕೆಳಗೆ ಮಲಗಿದ ನಾಯಿಯ ಹಾಗೆ ಅಡಗಿತ್ತು. ಹುಟ್ಟಿದಾಗಿನಿಂದ ಚಕ್ರ ತುಳಿದು ಪಕ್ಕದಿಂದಲೇ ಹಾರಿಕೊಂಡು ಬೆಳೆದ ಈ ಜನ, ಹಿಂದಿನಿಂದ ಹತ್ತುವವರ ಕಷ್ಟ ಅರಿತವರಲ್ಲ. ಮೂವರು ಸೇರಿ ಒಂದು ದಿನವೆಲ್ಲ ಬೆವರು ಸುರಿಸಿದರಲ್ಲ, ಒಬ್ಬರ ತಲೆಗಾದರೂ ಇದು ಹೊಳೆಯಬಾರದೇ! ಬಿಳಿ ಷೂ ಹೆಂಗಸಿನ ಚಿತ್ರ ನೋಡಿ, ಅವಳ ಹಾಗೆಯೇ ಬಾಗಿಲು ಮುಚ್ಚಿ ಹತ್ತಿ ನೋಡಿ, ಕೈ ತೊಳೆದುಕೊಂಡಿದ್ದರು.

"ಅಯ್ಯೋ ನಮ್ಮ ಬುದ್ಧಿಗಿಷ್ಟು!" ಎಂದು ವರ್ಲಾ ಹಣೆ ಚಚ್ಚಿಕೊಂಡಳು.

ಎಮಿಲ್ ಬಗ್ಗಿ ನೋಡಿದ, ಎದ್ದು ನಿಂತ, ಮತ್ತೆ ಬಗ್ಗಿ ನೋಡಿದ. "ಹಸುಗಳು ಕಾಯ್ತಿವೆ" ಎಂದಷ್ಟೇ ಹೇಳಿದ. "ಇವತ್ತು ನೀನು ಓಡಿಸು."

ಬೇರೆ ದಾರಿ ಇರಲಿಲ್ಲ. ವರ್ಲಾ ಮುಖ ಊದಿಸಿಕೊಂಡು ಸ್ಟಿಯರಿಂಗ್ ಹಿಡಿದಳು. ಹೀಟರ್ ಇತ್ತು, ರೇಡಿಯೊ ಇತ್ತು. ಹಸು ಮಾತ್ರ ಕಾಣುತ್ತಿರಲಿಲ್ಲ. ಪಕ್ಕದ ಕನ್ನಡಿಯಲ್ಲಿ ಒಂದಿಷ್ಟು ಹಿಮ, ಒಂದಿಷ್ಟು ಬಾಲ. ಹಿಂದಿನಿಂದ ಎಮಿಲ್ ಏದುಸಿರು ಬಿಡುತ್ತ ಹುಲ್ಲು ತಳ್ಳುವ ಸದ್ದು ಕೇಳುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಕನ್ನಡಿಯೊಳಗೆ ಒಂದು ಹಸುವಿನ ಮುಖ ಬಂತು. ಬಾಟಲಿ ಹಾಲು ಕುಡಿಸಿ ಅವಳೇ ಸಾಕಿದ ಹಸು ಅದು. ಮೂಗೆತ್ತಿ ನಡೆಯುವ ಅದರ ಠೀವಿಗೆ ಅವಳು 'ಪಾದ್ರಿಯ ಹೆಂಡತಿ' ಎಂದು ಹೆಸರಿಟ್ಟಿದ್ದಳು. ಅದರ ಬಾಯಿಂದ ಕಿತ್ತಳೆ ಬಣ್ಣದ್ದೇನೋ ಜೋತಾಡುತ್ತಿತ್ತು.

ವರ್ಲಾ ಬ್ರೇಕ್ ಒತ್ತಿ, ಗಾಡಿ ನಿಲ್ಲಿಸಿ, ಹಿಮದಲ್ಲಿ ಕಾಲೆಳೆಯುತ್ತ ಹೋದಳು. "ಬಾರೇ ನನ್ನವ್ವ, ಬಾ, ನಿಂತ್ಕೊ" ಎನ್ನುತ್ತ ಅದರ ದವಡೆಗೆ ಕೈ ಹಾಕಿ ಎಳೆದಳು. ಪಿಂಡಿ ಕಟ್ಟಿದ ಪ್ಲಾಸ್ಟಿಕ್ ಹುರಿ. ಮೊಳ ಮೊಳವಾಗಿ, ಜೊಲ್ಲು ಸುರಿಸುತ್ತ ಗಂಟಲಿನಿಂದ ಹೊರಬಂತು. ಅದು ಹೊಟ್ಟೆಯೊಳಗೆ ಸೇರಿ ಸುತ್ತಿಕೊಂಡರೆ ಹಸು ಉಳಿಯುವುದಿಲ್ಲ ಎಂದು ಎಮಿಲ್‌ಗೂ ಗೊತ್ತು.

"ಎಮಿಲ್! ಹುರಿ ಎಲ್ಲಿ ಹಾಕ್ತಿದ್ದೀಯ ನೀನು?"

ಎಮಿಲ್ ತನ್ನ ಕೈ ನೋಡಿಕೊಂಡ, ಗಾಡಿಯ ಮೇಲೆಲ್ಲ ನೋಡಿದ, ತಾನು ಬಂದ ದಾರಿಯುದ್ದಕ್ಕೂ ನೋಡಿದ. ಹುಲ್ಲಿನ ಜೊತೆಯಲ್ಲೇ ಅಲ್ಲಲ್ಲಿ ಕಿತ್ತಳೆ ಬಣ್ಣ ಇಣುಕುತ್ತಿತ್ತು. "ಕೊಯ್ದೆ... ಕೆಳಗೆ ಬಿತ್ತೇನೋ" ಎಂದ.

"ಬಿತ್ತೇನೋ! ಒಂದೊಂದು ಹುರಿನೂ ಸೊಂಟಕ್ಕೆ ಸುತ್ಕೊಂಡು ಮನೆಗೆ ತರ್ತಿದ್ದೆ ನಾನು. ಅಲ್ಲೇ ಕೂತು ನೋಡು, ರಾಣಿ ಥರ ಕೂತ್ಕೊ ಅಂದ್ಯಲ್ಲ, ಏನು ನೋಡ್ಲಿ ಅಲ್ಲಿಂದ? ಇದು ನನ್ನ ಜಾಗ ಕಣಯ್ಯ. ಮನೇಲಿ ಕೂತ್ರೆ ಸಾಯ್ತೀನಿ ಅಂತ ಹೇಳ್ತಿಲ್ಲ, ಆದ್ರೆ ಬದುಕಿದ್ದೀನಿ ಅಂತ ಅನ್ನಿಸೋದು ನನಗೆ ಇಲ್ಲೇ. ನೀನು ನನ್ನ ಮಂಡಿ ಮಂಡಿ ಅಂತ ಬಡ್ಕೋತೀಯ. ಮಂಡಿ ಸರಿಯಾಗಿದೆ. ನಿಂದೇನು ಕಥೆ?"

ಇಬ್ಬರೂ ಹಿಮದಲ್ಲಿ ತೆವಳುತ್ತ ಹುರಿ ಆರಿಸಲು ತೊಡಗಿದರು. ಹಸುಗಳು ಇವರನ್ನು ಸುತ್ತುವರಿದು ಆರಾಮವಾಗಿ ತಿನ್ನುತ್ತಿದ್ದವು. ಎಮಿಲ್ ಹಿಮದಿಂದ ಒಂದು ಹುರಿ ಎಳೆದು ಕೈಗೆ ಸುತ್ತಿಕೊಂಡ. ಆಮೇಲೆ, ಬಗ್ಗಿಕೊಂಡೇ ಹೇಳಿದ.

"ಬಿದ್ದಿದ್ದು ನೀನು. ಬಿಟ್ಟು ಹೋಗಿದ್ದು ನಾನು."

"ಏನು?"

"ಆವತ್ತು. ರೇಡಿಯೊದಲ್ಲಿ ದನದ ರೇಟು ಬರ್ತಿತ್ತು, ಕೇಳ್ಕೊಂಡು ಮುಂದೆ ಹೋಗ್ತಾನೇ ಇದ್ದೆ. ಬೇಲಿ ಹತ್ರ ತಿರುಗಿಸ್ದಾಗ ನೋಡಿದ್ರೆ ಹಿಂದೆ ಯಾರೂ ಇಲ್ಲ. ಅಷ್ಟು ದೂರದಲ್ಲಿ ಹಸುಗಳೆಲ್ಲ ಗುಂಪು ಕಟ್ಕೊಂಡು ನಿಂತಿವೆ. ಅವುಗಳ ಕಾಲ ಕೆಳಗೆ ನೀನು... ನೀನು ಸತ್ತೇ ಹೋದೆ ಅಂದ್ಕೊಂಡೆ ವರ್ಲಾ. ನಾನು ಬರೋ ಹೊತ್ತಿಗೆ ನೀನು ಕೂತ್ಕೊಂಡು ನಗ್ತಿದ್ದೆ. ನೀನು ಎಲ್ಲಾರ ಹತ್ರ ಅದನ್ನ ಹೇಳಿ ನಗಿಸ್ತೀಯ. ನಂಗೆ ಇವತ್ತಿಗೂ ನಗು ಬಂದಿಲ್ಲ."

ಇಷ್ಟು ದಿನ ಕಾಫಿ ತರಲು ಎದ್ದು ಹೋಗುತ್ತಿದ್ದವನ ಬೆನ್ನು ವರ್ಲಾಳ ಕಣ್ಣ ಮುಂದೆ ಬಂತು. ಎಷ್ಟು ಸಲ ಹೇಳಿದ್ದಳು ಆ ಕಥೆಯನ್ನು, ಎಷ್ಟು ಬಣ್ಣ ಕಟ್ಟಿ! ತನ್ನ ಮೇಲೇ ಅವಳಿಗೆ ಸಿಟ್ಟು ಬಂತು, ಅವನ ಮೇಲೆ ಅದಕ್ಕಿಂತ ಹೆಚ್ಚು ಮುದ್ದು ಬಂತು. ಎರಡನ್ನೂ ಒಟ್ಟಿಗೆ ಹೇಳುವ ಮಾತು ಗೊತ್ತಿರಲಿಲ್ಲ. ಕೈಯಲ್ಲಿದ್ದ ಹುರಿಯ ಕಟ್ಟಿನಿಂದ ಅವನ ತೋಳಿಗೊಂದು ಏಟು ಹಾಕಿದಳು.

"ಮೊದಲೇ ಬಾಯಿ ಬಿಡೋಕೆ ಏನಾಗಿತ್ತೋ ನಿಂಗೆ? ಅಷ್ಟು ಭಯ ಇದ್ರೆ ಹಿಂದೆ ನೋಡ್ಕೊಂಡು ಓಡ್ಸು. ಅದಕ್ಕೆ ನನ್ನನ್ಯಾಕೆ ಕೆಳಗಿಳಿಸ್ತೀಯ?"

ಎಮಿಲ್ ಸೊಂಟ ನೆಟ್ಟಗೆ ಮಾಡಿಕೊಂಡು ಗಾಡಿಯ ಕಡೆ ನೋಡಿದ. ಮೂಗು ಒರೆಸಿಕೊಂಡ. ಆಮೇಲೆ ಹೋಗಿ ಹಿಂಬಾಗಿಲಿನ ಎರಡು ಕಡೆಯ ತಂತಿಗಳನ್ನು ಕೊಂಡಿಯಿಂದ ಬಿಡಿಸತೊಡಗಿದ.

"ಏನು ಮಾಡ್ತಿದ್ದೀಯ?"

"ಬಾಗಿಲೇ ಇಲ್ದಿದ್ರೆ ಮೆಟ್ಟಿಲು ಕಾಣುತ್ತೆ ತಾನೇ? ಆ ಕಡೆ ಹಿಡಿ. ಭಾರ ಬಿಡ್ಬೇಡ, ಮಂಡಿ."

ಆ ಬಾಗಿಲೆಂದರೆ ಎಮಿಲ್‌ಗೆ ಪ್ರಾಣ. ಬೂಟು ಕಟ್ಟಿಕೊಳ್ಳುವುದು, ಬುತ್ತಿ ತಿನ್ನುವುದು, ಬೇಲಿ ಕೆಲಸದ ನಡುವೆ ಅಡ್ಡಾಗುವುದು, ಎಲ್ಲ ಅದರ ಮೇಲೆ. ಈಗ ಅದನ್ನೇ ಎತ್ತಿ ಬೇಲಿಗೆ ಒರಗಿಸಿ ಬಂದ. ಬಂದವನು ಬೂಟಿನಿಂದ ಒತ್ತಿ ಮೆಟ್ಟಿಲನ್ನು ಹೊರಗೆಳೆದು, ಅದರ ಮೇಲೆ ಅಂಟಿದ್ದ ಹಿಮವನ್ನು ಕೈಗವಸಿನಿಂದ ಒರೆಸಿ, ಎರಡು ಹೆಜ್ಜೆ ಹಿಂದೆ ಸರಿದು ಕೈಗಳನ್ನು ಜೇಬಿಗೆ ಹಾಕಿಕೊಂಡ. ಜೇಬಿನೊಳಗೆ ಮುಷ್ಟಿ ಬಿಗಿದಿದ್ದು ಹೊರಗಿನಿಂದಲೇ ಕಾಣುತ್ತಿತ್ತು.

ವರ್ಲಾ ಹತ್ತಿದಳು. ಒಳ್ಳೆಯ ಕಾಲು, ಹೊಸ ಕಾಲು, ಬಂಪರು, ಗಾಡಿ. ಉಳಿದ ಪಿಂಡಿಗಳ ನಡುವೆ ಕಾಲಗಲಿಸಿ ನಿಂತು, ಚಾಕು ತೆಗೆದು, "ಕಂ ಬಾಸ್! ಕಂ ಬಾಸ್!" ಎಂದು ಆ ಸೀಮೆಯಲ್ಲಿ ಹಸು ಕರೆಯುವ ಹಾಗೆ ದನಿಯೆತ್ತಿ ಕೂಗಿದಳು. ಹಸುಗಳು ತಲೆಯೆತ್ತಿದವು. ಪಾದ್ರಿಯ ಹೆಂಡತಿ ಎಲ್ಲರಿಗಿಂತ ಮುಂದೆ ಓಡಿಬಂದಳು.

ಗಾಡಿ ಹೊರಟಿತು. ಎಮಿಲ್ ರೇಡಿಯೊ ಆರಿಸಿ, ಕಿಟಕಿಯ ಗಾಜು ಪೂರ್ತಿ ಇಳಿಸಿ, ಆ ಕೊರೆಯುವ ಗಾಳಿಯಲ್ಲಿ ತಲೆ ಹೊರಗೆ ಹಾಕಿ ಹಿಂದಕ್ಕೆ ತಿರುಗಿಕೊಂಡಿದ್ದ. ವರ್ಲಾ ಒಂದು ಪಿಂಡಿ ಬಿಚ್ಚಿ ತಲೆಯೆತ್ತಿದರೆ ಅವನ ಕೆಂಪು ಮೂಗು. ಇನ್ನೊಂದು ಬಿಚ್ಚಿ ತಲೆಯೆತ್ತಿದರೆ ಅದೇ ಕೆಂಪು ಮೂಗು.

"ಎಮಿಲ್, ಮುಂದೆ ನೋಡು! ಗುಂಡಿ ಇದೆ!"

ಗಾಡಿ ಗುಂಡಿಯ ಅಂಚಿನಲ್ಲೇ ಹೊರಳಿ ಎಡಕ್ಕೆ ಹೋಯಿತು, ಮತ್ತೆ ಬಲಕ್ಕೆ ಬಂತು, ನೀರಿನ ತೊಟ್ಟಿಯನ್ನು ಒಂದು ಸುತ್ತು ಹಾಕಿತು. ವರ್ಲಾ ಹಿಡಿಯನ್ನು ಹಿಡಿದುಕೊಂಡು ನಕ್ಕಳು, ಬೈದಳು, ಮತ್ತೆ ನಕ್ಕಳು. ಅವನು ತಿರುಗಲೇ ಇಲ್ಲ.

ಆ ಸೀಮೆಯಲ್ಲಿ ಹುಲ್ಲಿನ ಸಾಲು ಹಾಕುವುದರ ಮೇಲೆ ಗಂಡಸಿನ ಮರ್ಯಾದೆ ನಿಂತಿದೆ. ಬಿಳಿ ಹಿಮದ ಮೇಲೆ ಹಸಿರು ಗೆರೆ ನೆಟ್ಟಗಿರಬೇಕು. ರಸ್ತೆಯಲ್ಲಿ ಹೋಗುವವರೆಲ್ಲ ಅದನ್ನೇ ನೋಡುತ್ತಾರೆ. ಎಮಿಲ್‌ನ ಸಾಲನ್ನು ದಾರ ಹಿಡಿದು ಎಳೆದದ್ದೆಂದೇ ಜನ ಹೇಳುತ್ತಿದ್ದರು. ಅವತ್ತು ಬೇಲಿಯಾಚೆ ರಸ್ತೆಯಲ್ಲಿ ಬಂದ ಡ್ವೇನ್ ಗಾಡಿ ನಿಲ್ಲಿಸಿ, ಇಳಿದು, ಟೋಪಿ ಹಿಂದಕ್ಕೆ ಸರಿಸಿ ಆ ಗುಡ್ಡದ ಇಳಿಜಾರನ್ನು ಈ ತುದಿಯಿಂದ ಆ ತುದಿಗೆ ನೋಡಿದ.

"ಏನಯ್ಯಾ ಎಮಿಲ್! ಇದೇನು ಹುಲ್ಲಿನ ಸಾಲೋ, ಹಾವು ಹರಿದಿದ್ದೋ? ಬೆಳಿಗ್ಗೆ ಬೆಳಿಗ್ಗೆನೇ ಏರಿಸ್ಕೊಂಡು ಬಂದ್ಯಾ?"

ಎಮಿಲ್ ಗಾಡಿ ನಿಲ್ಲಿಸಿ ತಾನು ಹಾಕಿದ ಸಾಲನ್ನು ಮೊದಲ ಸಲ ನೋಡಿದ. ಅವನಿಗೆ ನಾಚಿಕೆಯಾಗುತ್ತದೆ, ಏನಾದರೊಂದು ನೆವ ಹೇಳುತ್ತಾನೆ, ಹಿಮದ ಮೇಲೋ ಟೈರಿನ ಮೇಲೋ ಹಾಕುತ್ತಾನೆ ಎಂದು ವರ್ಲಾ ಕಾದಳು.

"ಮುಂದೆ ನೋಡ್ಕೊಂಡು ಓಡಿಸ್ಲಿಲ್ಲ ಡ್ವೇನ್. ಇವಳನ್ನ ನೋಡ್ಕೊಂಡು ಓಡಿಸ್ದೆ."

ಡ್ವೇನ್ ಹಿಂದಕ್ಕೆ ಸರಿಸಿದ್ದ ಟೋಪಿಯನ್ನು ಮತ್ತೆ ಮುಂದಕ್ಕೆ ಎಳೆದುಕೊಂಡ. ಗಾಡಿಯ ಮೇಲೆ ನಿಂತಿದ್ದ ವರ್ಲಾಗೆ ಆ ಚಳಿಯಲ್ಲೂ ಕಿವಿಯವರೆಗೆ ಬಿಸಿಯಾಯಿತು. ಮನೆಯೊಳಗೇ ಬಾಯಿ ಬಿಡದ ಮನುಷ್ಯ ಬೇಲಿಯಾಚೆಯವನಿಗೆ ಕೇಳುವ ಹಾಗೆ ಹೇಳಿದ್ದ.

"ನಾಳೆನೂ ಹಿಂಗೇನಾ?" ಎಂದು ಕೇಳಿದ ಡ್ವೇನ್, ಮೆತ್ತಗೆ.

"ಇನ್ನು ದಿನಾ ಹಿಂಗೇ" ಎಂದ ಎಮಿಲ್.

ವರ್ಲಾ ಮುಂದಿನ ಪಿಂಡಿಯ ಹುರಿ ಕೊಯ್ದು ಸೊಂಟಕ್ಕೆ ಸುತ್ತಿಕೊಂಡಳು. "ಮಾತು ಸಾಕು, ಹಸುಗಳು ಕಾಯ್ತಿವೆ. ಹೊರಡು" ಎಂದು ಗದರಿಸಿದಳು. ಎಮಿಲ್ ಮತ್ತೆ ತಲೆ ಹೊರಗೆ ಹಾಕಿ, ಹಿಂದಕ್ಕೆ ತಿರುಗಿಕೊಂಡು, ಗಾಡಿ ಬಿಟ್ಟ.